ಲೆಕ್ಕಕ್ಕೆ ಸಿಗದ ರಂಜಕ

ಸಂಸ್ಕರಿತ ಆಹಾರಕ್ಕೆ ಬೆರೆಸುವ ಫಾಸ್ಫೇಟುಗಳ, ಅಂದರೆ ರಂಜಕದ (ಫಾಸ್ಫರಸ್) ಲವಣಗಳ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಾಲಿನಲ್ಲಿ ರಂಜಕ ಇಲ್ಲವೇ? ತೊಗರಿಬೇಳೆಯಲ್ಲಿ ಇಲ್ಲವೇ? ದೊಡ್ಡವರ ಮೈಯಲ್ಲಿ ಸುಮಾರು 700 ಗ್ರಾಂ ರಂಜಕವಿದೆ, ಅದರಲ್ಲಿ ನೂರಕ್ಕೆ 85 ಪಾಲು ಮೂಳೆ ಹಲ್ಲುಗಳಲ್ಲೇ ಕೂತಿದೆ. ಅಂಥ ಪೋಷಕಾಂಶವನ್ನು ಚೀಸಿಗೋ ನೂಡಲ್ಸಿಗೋ ಚಿಟಿಕೆ ಹಾಕಿದರೆ ಏನು ಪ್ರಮಾದ? ಅದೂ ಸರ್ಕಾರವೇ ಅನುಮತಿ ಕೊಟ್ಟ ಮೇಲೆ? ಆಹಾರ ತಂತ್ರಜ್ಞರು ಹೀಗೆನ್ನುತ್ತಾರೆ, ಕಂಪನಿಯ ವಕ್ತಾರರು ಹೀಗೆನ್ನುತ್ತಾರೆ, ಆರೋಗ್ಯ ಅಂಕಣ ಬರೆಯುವ ವೈದ್ಯರಲ್ಲೂ ಅನೇಕರು ಹೀಗೆಯೇ ಅನ್ನುತ್ತಾರೆ.

ಈ ವಾದದಲ್ಲಿ ಬರುವ ಒಂದೊಂದು ಸಂಗತಿಯೂ ನಿಜ. ಎಲ್ಲವನ್ನೂ ಕೂಡಿಸಿ ಕೊನೆಗೆ ಹೊರಡಿಸುವ ತೀರ್ಪು ಮಾತ್ರ ನಿಲ್ಲುವುದಿಲ್ಲ. ಆ ತೀರ್ಪು ಎರಡು ಊಹೆಗಳ ಮೇಲೆ ನಿಂತಿದೆ: ತಿನ್ನುವವನ ಕಿಡ್ನಿ ಗಟ್ಟಿಯಾಗಿದೆ ಎಂಬುದು ಒಂದು, ಅವನು ಎಷ್ಟು ತಿನ್ನುತ್ತಿದ್ದಾನೆ ಎಂಬುದು ಯಾರಿಗೋ ಗೊತ್ತಿದೆ ಎಂಬುದು ಇನ್ನೊಂದು. ಮೊದಲನೆಯದು ಕೋಟ್ಯಂತರ ಜನರ ವಿಷಯದಲ್ಲಿ ಸುಳ್ಳು. ಎರಡನೆಯದಂತೂ ಎಲ್ಲರ ವಿಷಯದಲ್ಲೂ ಸುಳ್ಳು.

ಮುಂದೆ ಹೋಗುವ ಮುಂಚೆ ಒಂದು ಗುಂಪಿನಿಂದ ದೂರ ನಿಲ್ಲಬೇಕಾಗಿದೆ. ಪೊಟ್ಟಣದ ಹಿಂದಿನ ಸಂಖ್ಯೆಗಳನ್ನೆಲ್ಲ ವಿಷವೆಂದು ಸಾರುವ ವಾಟ್ಸ್‌ಆ್ಯಪ್ ಪಂಡಿತರ ಗುಂಪು ಅದು. ಅವರ ಪಟ್ಟಿಯಲ್ಲಿ ನಿಂಬೆಯ ಹುಳಿಗೂ ಅಡುಗೆ ಸೋಡಕ್ಕೂ ಫಾಸ್ಫೇಟಿಗೂ ವ್ಯತ್ಯಾಸವೇ ಇಲ್ಲ. ಕಂಪನಿಗಳಿಗೆ ಇವರಷ್ಟು ಉಪಕಾರಿಗಳು ಬೇರೆ ಇಲ್ಲ. ಇವರನ್ನು ಸುಲಭವಾಗಿ ಸುಳ್ಳುಗಾರರನ್ನಾಗಿಸಿ, ಅದೇ ಉಸಿರಿನಲ್ಲಿ ನಿಜವಾದ ಪ್ರಶ್ನೆಯನ್ನೂ ಮುಚ್ಚಿಹಾಕಬಹುದು. ಫಾಸ್ಫೇಟ್ ವಿಷವಲ್ಲ. ಎಷ್ಟು, ಯಾವ ರೂಪದಲ್ಲಿ, ಯಾರ ದೇಹಕ್ಕೆ ಎಂಬುದಷ್ಟೇ ಪ್ರಶ್ನೆ.

ರೂಪದಿಂದಲೇ ಶುರು ಮಾಡೋಣ. ಕಾಳುಬೇಳೆ, ರಾಗಿ, ಗೋಧಿಗಳಲ್ಲಿರುವ ರಂಜಕದ ಬಹುಪಾಲು ಫೈಟೇಟ್ ಎಂಬ ಸಂಯುಕ್ತದೊಳಗೆ ಬಂಧಿಯಾಗಿರುತ್ತದೆ. ಅದನ್ನು ಒಡೆಯುವ ಕಿಣ್ವ ದನದ ಮೆಲುಕುಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ, ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾಳಿನ ರಂಜಕದಲ್ಲಿ ರಕ್ತಕ್ಕೆ ಸೇರುವುದು ಅರ್ಧಕ್ಕಿಂತ ಕಡಿಮೆ. ಹಾಲು, ಮೊಟ್ಟೆ, ಮಾಂಸದ್ದು ಪ್ರೋಟೀನಿನ ಜೊತೆ ಹೆಣೆದುಕೊಂಡಿರುತ್ತದೆ. ಅದರಿಂದ ನೂರಕ್ಕೆ 40ರಿಂದ 60 ಪಾಲು ಒಳಸೇರುತ್ತದೆ. ಕಾರ್ಖಾನೆಯಲ್ಲಿ ಬೆರೆಸುವ ಸೋಡಿಯಂ ಫಾಸ್ಫೇಟಿಗೆ ಇಂಥ ಯಾವ ಕಟ್ಟೂ ಇಲ್ಲ. ಅದು ಲವಣ, ನೀರಿನಲ್ಲಿ ಕರಗುತ್ತದೆ, ನೂರಕ್ಕೆ 90ಕ್ಕೂ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತದೆ. ಮೊಳಕೆ ಕಟ್ಟಿದಾಗ, ದೋಸೆಹಿಟ್ಟು ಹುದುಗಿದಾಗ ಫೈಟೇಟ್ ಒಂದಿಷ್ಟು ಒಡೆದು ಹೀರಿಕೆ ಹೆಚ್ಚುವುದೂ ನಿಜ. ಆದರೂ ಅದು ಈ ಲವಣದ ಹತ್ತಿರಕ್ಕೆ ಬರುವುದಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಎರಡೂ ‘ರಂಜಕ’ವೇ, ಇಷ್ಟು ಮಿಲಿಗ್ರಾಂ ಎಂದು ಒಂದೇ ಸಾಲಿನಲ್ಲಿ ಬರುತ್ತವೆ. ರಕ್ತಕ್ಕೆ ಆ ಎರಡೂ ಒಂದಲ್ಲ.

ಇದು ಬರೀ ತರ್ಕವಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಷರಾನ್ ಮೋ ಮತ್ತು ಸಂಗಡಿಗರು 2011ರಲ್ಲಿ ಒಂದು ಸಣ್ಣ ಪ್ರಯೋಗದ ಫಲ ಪ್ರಕಟಿಸಿದರು. ಕಿಡ್ನಿ ದುರ್ಬಲವಾಗಿದ್ದ 9 ಜನರಿಗೆ ಒಂದು ವಾರ ಧಾನ್ಯ ಪ್ರಧಾನವಾದ ಸಸ್ಯಾಹಾರ, ಇನ್ನೊಂದು ವಾರ ಮಾಂಸಾಹಾರ. ಎರಡರಲ್ಲೂ ರಂಜಕದ ಪ್ರಮಾಣ ಸಮ. ಆದರೂ ಸಸ್ಯಾಹಾರದ ವಾರದಲ್ಲಿ ರಕ್ತದ ರಂಜಕ ಕಡಿಮೆ ಇತ್ತು. ಒಂಬತ್ತೇ ಜನ ಎಂದು ಆಕ್ಷೇಪಿಸಬಹುದು, ಸರಿ. ಆದರೆ ‘ರಂಜಕವೆಲ್ಲ ಒಂದೇ’ ಎನ್ನುವವರು ಇದಕ್ಕೆ ಎದುರಾಗಿ ಮುಂದಿಡುವ ಪ್ರಯೋಗ ಯಾವುದು?

ಇನ್ನು ಅನುಮತಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1982ರಲ್ಲಿ ಒಂದು ಮಿತಿ ಗೊತ್ತುಮಾಡಿತು: ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 70 ಮಿಲಿಗ್ರಾಂ ರಂಜಕ. ಅಂದರೆ 60 ಕಿಲೋ ತೂಗುವವರಿಗೆ 4.2 ಗ್ರಾಂ. ಸುಮಾರು ನಾಲ್ಕು ದಶಕ ಜಗತ್ತು ಈ ಅಂಕಿಯನ್ನೇ ತೋರಿಸಿ ‘ಸುರಕ್ಷಿತ’ ಎಂದಿತು. 2019ರ ಜೂನ್‌ನಲ್ಲಿ ಇಟಲಿಯ ಪಾರ್ಮಾದಲ್ಲಿರುವ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಎಲ್ಲವನ್ನೂ ಮತ್ತೆ ಪರಿಶೀಲಿಸಿ ಆ ಮಿತಿಯನ್ನು 40 ಮಿಲಿಗ್ರಾಮಿಗೆ ಇಳಿಸಿತು. ಅದೇ 60 ಕಿಲೋ ಮನುಷ್ಯನಿಗೆ 4.2 ಗ್ರಾಂ ಇದ್ದದ್ದು 2.4 ಗ್ರಾಂ ಆಯಿತು. ಯುರೋಪಿನ ಶಿಶುಗಳು ಮತ್ತು ಮಕ್ಕಳು ಆಹಾರದಿಂದ ಒಟ್ಟಾರೆ ಪಡೆಯುವ ರಂಜಕ ಸರಾಸರಿಯಲ್ಲೇ ಈ ಹೊಸ ಮಿತಿಯನ್ನು ದಾಟುತ್ತಿದೆ ಎಂದೂ, ರಂಜಕ ಹೆಚ್ಚಿರುವ ಊಟ ಮಾಡುವ ಹದಿಹರೆಯದವರೂ ದಾಟಬಹುದೆಂದೂ ವರದಿ ಹೇಳಿತು. ಒಟ್ಟು ಸೇವನೆಯಲ್ಲಿ ಬೆರೆಸಿದ ಫಾಸ್ಫೇಟಿನ ಪಾಲು ನೂರಕ್ಕೆ 6ರಿಂದ 30ರವರೆಗೆ ಇತ್ತು.

ಆ ವರದಿಯೊಳಗೆ ಎರಡು ಸಂಗತಿಗಳಿವೆ. ‘ಅನುಮತಿ ಇದೆಯಲ್ಲ’ ಎನ್ನುವವರು ಅವುಗಳ ಹೆಸರೆತ್ತುವುದನ್ನು ನಾನು ಕಂಡಿಲ್ಲ.

ಮೊದಲನೆಯದು ಮಿತಿ ಹುಟ್ಟಿದ ಬಗೆ. ಆ 40 ಮಿಲಿಗ್ರಾಂ ಎಲ್ಲಿಂದ ಬಂತು? ಇಲಿಗಳಿಗೆ ಫಾಸ್ಫೇಟ್ ತಿನ್ನಿಸಿ, ಅವುಗಳ ಕಿಡ್ನಿಯಲ್ಲಿ ಸುಣ್ಣ ಕಟ್ಟುವುದನ್ನು ಕಂಡು, ಹಾಗೆ ಆಗದ ಮಟ್ಟವನ್ನು ಗುರುತಿಸಿ ತೆಗೆದ ಲೆಕ್ಕ ಅದು. ಸಾಮಾನ್ಯ ಸೇರ್ಪಡೆಗಳ ವಿಷಯದಲ್ಲಿ ಪ್ರಾಣಿಗಳಿಗೆ ಹಾನಿಯಾಗದ ಮಟ್ಟವನ್ನು 100ರಿಂದ ಭಾಗಿಸಿ ಮನುಷ್ಯರ ಮಿತಿ ನಿರ್ಧರಿಸುವುದು ರೂಢಿ. ಫಾಸ್ಫೇಟಿನಲ್ಲಿ ಭಾಗಿಸಿದ್ದು 4ರಿಂದ ಮಾತ್ರ. ಯಾಕೆ? ಅದು ಪೋಷಕಾಂಶ, ಊಟದಿಂದಲೇ ಸಾಕಷ್ಟು ಬರುತ್ತದೆ, 100ರಿಂದ ಭಾಗಿಸಿದರೆ ಅನ್ನ ಬೇಳೆ ತಿನ್ನುವುದೇ ಅಪಾಯವೆಂದು ಬರೆಯಬೇಕಾಗುತ್ತದೆ. ಹಾಗಾಗಿ ‘ಇದು ನೈಸರ್ಗಿಕ, ಹಾಲಿನಲ್ಲೂ ಇದೆ’ ಎಂಬ ವಾದ ತಿರುಗಿ ಹೇಳಿದವರಿಗೇ ಬಡಿಯುತ್ತದೆ. ಹಾಲಿನಲ್ಲೂ ಬೇಳೆಯಲ್ಲೂ ಇರುವುದರಿಂದಲೇ ಸುರಕ್ಷತೆಯ ಅಂತರ ಇಷ್ಟು ಕಿರಿದಾಗಿರುವುದು. ದಿನಕ್ಕೆ ದೊಡ್ಡವರಿಗೆ ಬೇಕಾದದ್ದು 700 ಮಿಲಿಗ್ರಾಮಿನಷ್ಟು. ಸಾಮಾನ್ಯ ಊಟದಲ್ಲೇ ಅದು ದಾಟುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯುವವನು ನೀರು ಒಳ್ಳೆಯದೆಂದು ವಾದಿಸಿದರೆ ಏನೆನ್ನಬೇಕು?

ಎರಡನೆಯದು ಇನ್ನೂ ನೇರ. ಕಿಡ್ನಿಯ ಕೆಲಸ ಮಧ್ಯಮದಿಂದ ತೀವ್ರ ಪ್ರಮಾಣದಲ್ಲಿ ಕುಗ್ಗಿದವರಿಗೆ ಈ ಮಿತಿ ಅನ್ವಯಿಸುವುದಿಲ್ಲ ಎಂದು ಪ್ರಾಧಿಕಾರವೇ ಬರೆದಿದೆ. ಜನಸಂಖ್ಯೆಯ ನೂರಕ್ಕೆ 10ರಷ್ಟು ಜನ ಹಾಗೆ ಇರಬಹುದೆಂದೂ ಸೇರಿಸಿದೆ. ಹತ್ತರಲ್ಲಿ ಒಬ್ಬರನ್ನು ಹೊರಗಿಟ್ಟು ಮಾಡಿದ ನಿಯಮವನ್ನು ‘ಎಲ್ಲರಿಗೂ ಸುರಕ್ಷಿತ’ ಎಂದು ಓದಿ ಹೇಳುವುದು ಪ್ರಾಮಾಣಿಕತೆಯಲ್ಲ.

ಆ ಹತ್ತನೆಯವರು ಯಾರೆಂದು ಅವರಿಗಾದರೂ ಗೊತ್ತೇ? ಕಿಡ್ನಿ ಸದ್ದಿಲ್ಲದೆ ಸೋಲುವ ಅಂಗ. ಅದರ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ಭಾರತದ ಹಲವು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಸೀಕ್’ ಅಧ್ಯಯನದಲ್ಲಿ ನೂರಕ್ಕೆ 17.2 ಮಂದಿಯಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಯ ಲಕ್ಷಣ ಸಿಕ್ಕಿತು. ತಪಾಸಣಾ ಶಿಬಿರಗಳಿಗೆ ಬಂದವರ ಲೆಕ್ಕ ಅದು, ಹಾಗಾಗಿ ದೇಶಕ್ಕೆಲ್ಲ ಹಿಗ್ಗಿಸಲಾಗದು. ಬೆಂಗಳೂರು, ಮೈಸೂರುಗಳಲ್ಲಿ ಅದೇ ಅಧ್ಯಯನ ಕಂಡದ್ದು ನೂರಕ್ಕೆ 4ರ ಆಸುಪಾಸು. ಆ ನಾಲ್ಕನ್ನೇ ಹಿಡಿದರೂ ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಗೊಬ್ಬರಿಗೆ ಇರುವ ನಾಡಿನಲ್ಲಿ ‘ಕಿಡ್ನಿ ಸರಿಯಿಲ್ಲದವರು ಮಾತ್ರ ಎಚ್ಚರವಹಿಸಲಿ’ ಎಂದರೆ, ತನಗೇ ಗೊತ್ತಿಲ್ಲದ ಕಾಯಿಲೆಗೆ ಎಚ್ಚರವಹಿಸು ಎಂದ ಹಾಗೆ.

ಎದುರಾಳಿಗಳ ಬಲವಾದ ವಾದವನ್ನೂ ಇಲ್ಲಿ ಕೇಳಲೇಬೇಕು. ಕಿಡ್ನಿ ಚೆನ್ನಾಗಿರುವವರಲ್ಲಿ ತಿಂದ ರಂಜಕಕ್ಕೂ ರಕ್ತದ ರಂಜಕಕ್ಕೂ ನಂಟು ತೆಳು. ಹೆಚ್ಚಾದದ್ದನ್ನು ಕಿಡ್ನಿ ಹೊರಹಾಕುತ್ತದೆ. ಫಾಸ್ಫೇಟ್ ಬೆರೆತ ಆಹಾರ ತಿಂದು ಆರೋಗ್ಯವಂತರು ಹೃದ್ರೋಗಕ್ಕೆ ತುತ್ತಾದರೆಂದು ಸಾಬೀತುಮಾಡುವ ದೀರ್ಘಕಾಲದ ಪ್ರಯೋಗ ಇಲ್ಲ. ಒಪ್ಪುತ್ತೇನೆ. ಆದರೆ ಹೆಚ್ಚಾದದ್ದು ತಾನಾಗಿ ಹೊರಗೆ ಹೋಗುವುದಿಲ್ಲ, ಅದನ್ನು ಹೊರದೂಡಬೇಕಾಗುತ್ತದೆ. ರಂಜಕ ಏರುತ್ತಿದ್ದಂತೆ ಮೂಳೆಯಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ಹೊರಟು ಕಿಡ್ನಿಯನ್ನು ದುಡಿಸುತ್ತದೆ. ರಕ್ತಪರೀಕ್ಷೆಯಲ್ಲಿ ರಂಜಕ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಮಿನ ನಡುವೆ ನೆಟ್ಟಗೆ ಕಾಣುತ್ತಿರುವಾಗಲೇ ತೆರೆಯ ಹಿಂದೆ ಈ ಹಾರ್ಮೋನು ಏರುತ್ತಿರಬಹುದು. ಅದೇ ಹಾರ್ಮೋನು ಹೃದಯದ ಎಡ ಕೋಣೆಯ ಗೋಡೆಯನ್ನು ದಪ್ಪವಾಗಿಸುತ್ತದೆಂದು 2011ರ ಪ್ರಾಣಿಪ್ರಯೋಗಗಳು ತೋರಿಸಿದವು. ಇದರ ಜೊತೆಗಾರ ಕ್ಲೋಥೊ ಎಂಬ ಜೀನ್. ಅದು ಕೆಟ್ಟ ಇಲಿಗಳು ಹರೆಯದಲ್ಲೇ ಮುದಿಯಾಗಿ ಸಾಯುವುದನ್ನು ಜಪಾನಿನ ಮಕೋಟೊ ಕುರೊ-ಓ ತಂಡ 1997ರಲ್ಲಿ ವರದಿ ಮಾಡಿತ್ತು. ಅಂಥ ಇಲಿಗಳ ಮೇವಿನಲ್ಲಿ ರಂಜಕ ತಗ್ಗಿಸಿದಾಗ ಆ ಮುಪ್ಪು ಬಹುಮಟ್ಟಿಗೆ ಹಿಂದೆ ಸರಿಯಿತು.

ಮನುಷ್ಯರಲ್ಲಿ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ ಎರಡನೆಯ ತಲೆಮಾರಿನ 3,368 ಜನರನ್ನು ಸರಾಸರಿ 16 ವರ್ಷ ಗಮನಿಸಿದ ವರದಿ 2007ರಲ್ಲಿ ಬಂತು. ಅವರಲ್ಲಿ ಕಿಡ್ನಿ ಕಾಯಿಲೆಯೂ ಇರಲಿಲ್ಲ, ಹೃದ್ರೋಗವೂ ಇರಲಿಲ್ಲ. ರಕ್ತದ ರಂಜಕ ಮೇಲಿನ ಕಾಲುಭಾಗದಲ್ಲಿದ್ದವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾಧ್ಯತೆ ಕೆಳಗಿನ ಕಾಲುಭಾಗದವರಿಗಿಂತ ಒಂದೂವರೆ ಪಟ್ಟು ಇತ್ತು. ಜೊತೆಜೊತೆಗೆ ಕಾಣಿಸಿಕೊಂಡದ್ದೆಲ್ಲ ಕಾರಣವಾಗುವುದಿಲ್ಲ, ಗೊತ್ತು. ಆದರೆ ಸಾಬೀತಾಗಿಲ್ಲ ಎಂಬುದನ್ನೇ ಸುರಕ್ಷಿತ ಎಂದು ಓದಿಕೊಳ್ಳುವ ಅಭ್ಯಾಸ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇದೇ ಲವಣದ ಒಂದು ಕತೆಯಿದೆ. ಕೊಲೊನೋಸ್ಕೋಪಿಗೆ ಮುನ್ನ ಕರುಳು ತೊಳೆಯಲು ಸೋಡಿಯಂ ಫಾಸ್ಫೇಟ್ ದ್ರಾವಣ ಕುಡಿಸುತ್ತಿದ್ದರು. ಅಮೆರಿಕದಲ್ಲಿ ಅದು ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತಿತ್ತು. ಕುಡಿದವರಲ್ಲಿ ಕೆಲವರ ಕಿಡ್ನಿಯೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ಕಟ್ಟಿ, ಅದು ಮತ್ತೆ ಸರಿಹೋಗದಂತೆ ಕೆಟ್ಟಿತು. 2006ರಲ್ಲಿ ಅಲ್ಲಿನ ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು, 2008ರಲ್ಲಿ ಇನ್ನಷ್ಟು ಬಿಗಿಮಾಡಿತು, ಅಂಗಡಿಯ ಮಾರಾಟ ನಿಂತಿತು. ಆ ಡೋಸು ಆಹಾರದಲ್ಲಿರುವುದಕ್ಕಿಂತ ಹಲವು ಪಟ್ಟು ದೊಡ್ಡದು, ಎರಡನ್ನೂ ಸಮ ಮಾಡುತ್ತಿಲ್ಲ. ಆದರೆ ‘ದೇಹದಲ್ಲೇ ಇರುವ ವಸ್ತು, ಏನೂ ಆಗದು’ ಎಂಬ ಭರವಸೆ ಅಲ್ಲಿಯೂ ಇತ್ತು.

ಫಾಸ್ಫೇಟನ್ನು ಆಹಾರಕ್ಕೆ ಯಾಕೆ ಹಾಕುತ್ತಾರೆ ಎಂದು ಕೇಳುವವರು ಕಡಿಮೆ. ಪೋಷಣೆಗಂತೂ ಅಲ್ಲ. ಮಾಂಸ, ಮೀನಿನ ಉದ್ಯಮದಲ್ಲಿ ಅದರ ಮುಖ್ಯ ಕೆಲಸ ನೀರು ಹಿಡಿದಿಡುವುದು. ಸೀಗಡಿಯನ್ನು ಟ್ರೈಪಾಲಿಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ ಹೆಪ್ಪುಗಟ್ಟಿಸುವ ಪದ್ಧತಿ ಸೀಗಡಿ ಸಂಸ್ಕರಿಸಿ ರಫ್ತು ಮಾಡುವವರಿಗೆಲ್ಲ ಗೊತ್ತು. ಕರಗುವಾಗ ರಸ ಸೋರದಂತೆ ತಡೆಯಲು ಎನ್ನುತ್ತಾರೆ, ಅದು ನಿಜವೂ ಹೌದು. ಹೆಚ್ಚು ಹೊತ್ತು ನೆನೆಸಿದರೆ ತೂಕವೂ ಏರುತ್ತದೆ ಎಂಬುದು ಅಷ್ಟೇ ನಿಜ. ಆಗ ಕೊಳ್ಳುವವರು ಸೀಗಡಿಯ ದರದಲ್ಲಿ ನೀರು ಕೊಳ್ಳುತ್ತಾರೆ.

ಯುರೋಪಿನ ಕಬಾಬ್ ಪ್ರಕರಣವೂ ಇದೇ ಜಾತಿಯದು. ಕಂಬಿಗೆ ಚುಚ್ಚಿ ಹೆಪ್ಪುಗಟ್ಟಿಸಿದ ಡೋನರ್ ಕಬಾಬ್ ಮಾಂಸಕ್ಕೆ ಫಾಸ್ಫೇಟ್ ಬೆರೆಸಲು ಅಧಿಕೃತ ಅನುಮತಿ ಕೊಡಬೇಕೆಂದು ಐರೋಪ್ಯ ಆಯೋಗ ಹೊರಟಿತು. ಸುರಕ್ಷತಾ ಪ್ರಾಧಿಕಾರದ ಮರುಪರಿಶೀಲನೆ ಇನ್ನೂ ಮುಗಿದಿರಲಿಲ್ಲ. ಅದು ಮುಗಿಯುವವರೆಗೆ ಕಾಯಿರಿ ಎಂದವರು 2017ರ ಡಿಸೆಂಬರ್‌ನಲ್ಲಿ ಐರೋಪ್ಯ ಸಂಸತ್ತಿನಲ್ಲಿ ಆಕ್ಷೇಪ ತಂದರು. ಪರವಾಗಿ 373, ವಿರುದ್ಧ 272 ಮತ ಬಿದ್ದವು. ಆದರೂ ಆಕ್ಷೇಪ ಬಿದ್ದುಹೋಯಿತು. ಗೆಲ್ಲಲು ಒಟ್ಟು ಸದಸ್ಯಬಲದ ಬಹುಮತ, ಅಂದರೆ 376 ಬೇಕಿತ್ತು. ಮೂರು ಮತಗಳ ಕೊರತೆಯಲ್ಲಿ ಅನುಮತಿ ಉಳಿಯಿತು. ಮಿತಿಯನ್ನು ಇಳಿಸಿದ ವರದಿ ಬಂದದ್ದು ಅದಾದ ಒಂದೂವರೆ ವರ್ಷಕ್ಕೆ. ‘ಅನುಮತಿ ಇದೆ’ ಎಂಬ ಮಾತನ್ನು ವಿಜ್ಞಾನದ ಅಂತಿಮ ತೀರ್ಪಿನಂತೆ ಒಪ್ಪಿಸುವವರು ಈ ತಾರೀಖುಗಳನ್ನು ಒಮ್ಮೆ ನೋಡಲಿ.

ಫಾಸ್ಫೇಟ್ ಇಲ್ಲದೆ ಆಗುವುದೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಸಂಸ್ಕರಿತ ಚೀಸ್ 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ಹುಟ್ಟಿದಾಗ ಗೆರ್ಬರ್ ಮತ್ತು ಸ್ಟೆಟ್ಲರ್ ಬಳಸಿದ್ದು ಸಿಟ್ರೇಟನ್ನು. ಫಾಸ್ಫೇಟ್ ಆಮೇಲೆ ಬಂತು. ನಿಂಬೆ ರುಚಿಯ ಪಾನೀಯಗಳು ಸಿಟ್ರಿಕ್ ಆಮ್ಲದಲ್ಲೇ ನಡೆಯುತ್ತವೆ, ಕೋಲಾಗಳಿಗೆ ಮಾತ್ರ ಫಾಸ್ಫರಿಕ್ ಆಮ್ಲ ಬೇಕು. (ಎಲ್ಲರೂ ಬೊಟ್ಟು ಮಾಡುವ ಕೋಲಾದಲ್ಲಿ ರಂಜಕ ಅಷ್ಟೇನೂ ಹೆಚ್ಚಿಲ್ಲ; ಚೀಸ್ ಹೋಳು, ಸಾಸೇಜು, ನಗೆಟ್ಟುಗಳ ಮುಂದೆ ಅದು ಸಣ್ಣ ಪಾಲುದಾರ.)

ಈಗ ನಮ್ಮ ಅಂಗಡಿಯ ಕಪಾಟಿಗೆ ಬರೋಣ. ಇನ್‌ಸ್ಟಂಟ್ ನೂಡಲ್ಸಿನ ಪೊಟ್ಟಣದಲ್ಲಿ ಫಾಸ್ಫೇಟ್ 451 ಎಂಬ ಸಂಖ್ಯೆಯಾಗಿ, ತೇವ ಕಾಯುವ ವಸ್ತುವೆಂಬ ಹೆಸರಿನಲ್ಲಿ ಇರುತ್ತದೆ. ಕೋಲಾದಲ್ಲಿ 338, ಆಮ್ಲೀಯತೆ ನಿಯಂತ್ರಕ. ಚೀಸಿನಲ್ಲಿ 339 ಅಥವಾ 452, ಎಮಲ್ಸಿಫೈಯರ್. ಕೇಕಿನಲ್ಲಿ 450 ಅಥವಾ 341, ಉಬ್ಬಿಸುವ ವಸ್ತು. ನಾಲ್ಕು ಪೊಟ್ಟಣ, ನಾಲ್ಕು ಕೆಲಸ, ಐದಾರು ಸಂಖ್ಯೆ, ಮೂಲವಸ್ತು ಒಂದೇ. ಎಷ್ಟು ಮಿಲಿಗ್ರಾಂ ಎಂಬುದು ಎಲ್ಲಿಯೂ ಇರುವುದಿಲ್ಲ. ನಮ್ಮ ಲೇಬಲ್ ನಿಯಮ ಕಡ್ಡಾಯ ಮಾಡಿರುವುದು ಶಕ್ತಿ, ಪ್ರೋಟೀನು, ಕಾರ್ಬೊಹೈಡ್ರೇಟು, ಸಕ್ಕರೆ, ಕೊಬ್ಬು, ಸೋಡಿಯಂಗಳನ್ನು. ರಂಜಕ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಲೇಬಲ್ಲಿನಲ್ಲೂ ಅದು ಕಡ್ಡಾಯವಲ್ಲ. ಅಲ್ಲಿನ ಈಶಾನ್ಯ ಒಹಾಯೊದಲ್ಲಿ ಹೆಚ್ಚು ಮಾರಾಟವಾಗುವ ದಿನಸಿ ಪದಾರ್ಥಗಳನ್ನು ಪರೀಕ್ಷಿಸಿದಾಗ ನೂರಕ್ಕೆ 44ರಲ್ಲಿ ಫಾಸ್ಫೇಟ್ ಸೇರ್ಪಡೆ ಸಿಕ್ಕಿತ್ತು. ಸೇರ್ಪಡೆಯಿರುವವುಗಳಲ್ಲಿ, ಇಲ್ಲದ ಅದೇ ಬಗೆಯ ಪದಾರ್ಥಕ್ಕಿಂತ 100 ಗ್ರಾಮಿಗೆ ಸರಾಸರಿ 67 ಮಿಲಿಗ್ರಾಂ ರಂಜಕ ಹೆಚ್ಚಿತ್ತು.

ಪ್ರತಿ ಪೊಟ್ಟಣವೂ ತನ್ನ ಮಿತಿಯೊಳಗೇ ಇದೆ ಎಂದು ಕಂಪನಿ ಹೇಳಿದರೆ ಅದು ಸುಳ್ಳಲ್ಲ. ಮಿತಿ ಇರುವುದು ಪದಾರ್ಥಕ್ಕೆ. ಬೆಳಿಗ್ಗೆ ನೂಡಲ್ಸ್, ಮಧ್ಯಾಹ್ನ ಚೀಸ್ ಸ್ಯಾಂಡ್‌ವಿಚ್, ಸಂಜೆ ಕೇಕು ತಿಂದ ಹುಡುಗನ ಒಟ್ಟು ಮೊತ್ತ ಯಾವ ಕಂಪನಿಯ ಹೊಣೆಯೂ ಅಲ್ಲ. ಅವನ ತಾಯಿ ಕೂಡಿ ನೋಡೋಣವೆಂದರೆ ಅಂಕಿಯೇ ಇಲ್ಲ.

ನನ್ನ ಸಿಟ್ಟು ಕಂಪನಿಗಳ ಮೇಲಷ್ಟೇ ಅಲ್ಲ. ಆಸ್ಪತ್ರೆಗಳಲ್ಲಿ ಕಿಡ್ನಿ ರೋಗಿಗಳಿಗೆ ಕೊಡುವ ಆಹಾರದ ಚೀಟಿಗಳನ್ನು ನೋಡಿದ್ದೇನೆ. ಹಾಲು ಕಡಿಮೆ ಮಾಡಿ, ಬೇಳೆ ಕಡಿಮೆ ಮಾಡಿ, ಕಾಳು ಬಿಡಿ, ರಾಗಿ ಬಿಡಿ, ಶೇಂಗಾ ಬಿಡಿ. ಪೊಟ್ಯಾಷಿಯಂ ಕಾರಣಕ್ಕೆ ಇವುಗಳಲ್ಲಿ ಕೆಲವನ್ನು ಬಿಡಬೇಕಾದೀತು, ಅದು ಬೇರೆ ಮಾತು. ಆದರೆ ರಂಜಕದ ಹೆಸರಿನಲ್ಲಿ, ಅರ್ಧವೂ ಒಳಸೇರದ ಹೆಸರುಕಾಳನ್ನು ಹೊಡೆದುಹಾಕಿದ ಚೀಟಿಯಲ್ಲಿ ಬಹುತೇಕ ಪೂರ್ತಿ ಒಳಸೇರುವ ಪೊಟ್ಟಣದ ಫಾಸ್ಫೇಟಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕಾಳನ್ನು ಬೇಯಿಸಿ ನೀರು ಬಸಿದರೆ ರಂಜಕ ಇಳಿಯುತ್ತದೆ ಎಂದೂ ಹೇಳುವುದಿಲ್ಲ. ಹೇಳಿದರೆ ಆ ಕಟ್ಟನ್ನೇ ಬಸ್ಸಾರು ಮಾಡಿ ಉಣ್ಣಬೇಡಿ ಎಂದೂ ಸೇರಿಸಬೇಕು. ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2017ರಲ್ಲೇ ರಂಜಕದ ಮೂಲವನ್ನು, ಅದು ಪ್ರಾಣಿಯದೋ ಸಸ್ಯದ್ದೋ ಸೇರ್ಪಡೆಯದೋ ಎಂಬುದನ್ನು ಗಮನಿಸಿ ಸಲಹೆ ಕೊಡುವುದು ಯುಕ್ತ ಎಂದಿದೆ. ಚೀಟಿ ಮಾತ್ರ ಬದಲಾಗಿಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ಇನ್ನೂ ಕಠಿಣ. ನಾಲ್ಕು ಗಂಟೆಯ ಒಂದು ಸರದಿ ಸುಮಾರು 800 ಮಿಲಿಗ್ರಾಂ ರಂಜಕ ತೆಗೆಯುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ವಾರಕ್ಕೆ ಎರಡೇ ಸರದಿ ಸಿಗುತ್ತದೆ. ಅಲ್ಲಿಗೆ ವಾರಕ್ಕೆ 1,600. ಹಿತಮಿತವಾಗಿ ಉಂಡರೂ ವಾರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಒಳಸೇರುತ್ತದೆ. ಉಳಿದದ್ದಕ್ಕೆ ಊಟದ ಜೊತೆ ಗುಳಿಗೆ ನುಂಗಬೇಕು. ಗುಳಿಗೆಗೂ ಸಿಗದ್ದು ರಕ್ತನಾಳಗಳಲ್ಲಿ ಸುಣ್ಣವಾಗುತ್ತದೆ, ಚರ್ಮದಲ್ಲಿ ತುರಿಕೆಯಾಗುತ್ತದೆ. ಇವರಿಗೆ ಓದಲು ಬರುವ ಲೇಬಲ್ ಇದ್ದರೆ ಏನಾದೀತು? ಒಹಾಯೊದಲ್ಲೇ 279 ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿಗೆ ಫಾಸ್ಫೇಟ್ ಬೆರೆತ ಪದಾರ್ಥಗಳನ್ನು ಗುರುತಿಸಿ ಬಿಡುವುದನ್ನು ಕಲಿಸಿದರು. ಹೊಸ ಔಷಧವಿಲ್ಲ, ಯಂತ್ರವಿಲ್ಲ. ಮೂರು ತಿಂಗಳಿಗೆ ಅವರ ರಕ್ತದ ರಂಜಕ ಮತ್ತೊಂದು ಗುಂಪಿನದಕ್ಕಿಂತ ಡೆಸಿಲೀಟರಿಗೆ 0.6 ಮಿಲಿಗ್ರಾಂ ಹೆಚ್ಚು ಇಳಿದಿತ್ತು.

ಫಾಸ್ಫೇಟನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಪೊಟ್ಟಣದ ಮುಂಬದಿಯ ಎಚ್ಚರಿಕೆ ಹೇಗಿರಬೇಕೆಂದು ದೇಶದಲ್ಲಿ ಚರ್ಚೆ ನಡೆಯುತ್ತಿದೆ; ಅಲ್ಲಿ ಉಪ್ಪು, ಸಕ್ಕರೆ, ಕೊಬ್ಬಿನ ಮಾತೇ ಎಲ್ಲ. ಮುಂಬದಿ ಬೇಡ, ಹಿಂಬದಿಯಲ್ಲೇ ಸಾಕು: ಸೋಡಿಯಂನ ಕೆಳಗೆ ಇನ್ನೊಂದು ಸಾಲು, 100 ಗ್ರಾಮಿನಲ್ಲಿ ಒಟ್ಟು ರಂಜಕ ಎಷ್ಟು ಮಿಲಿಗ್ರಾಂ, ಅದರಲ್ಲಿ ಬೆರೆಸಿದ್ದು ಎಷ್ಟು. ಬೆರೆಸುವವರು ತೂಗಿಯೇ ಬೆರೆಸುತ್ತಾರೆ, ಅಂಕಿ ಅವರ ಬಳಿ ಇದೆ. ಅದನ್ನು ಕಡ್ಡಾಯ ಮಾಡುವ ಅಧಿಕಾರ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕಿದೆ. ಆಸ್ಪತ್ರೆಗಳ ಆಹಾರ ತಜ್ಞರು ಅಲ್ಲಿಯವರೆಗೂ ಕಾಯಬೇಕಿಲ್ಲ. ಚೀಟಿಯಲ್ಲಿ 338ರಿಂದ 341, 450ರಿಂದ 452 ಎಂಬ ಸಂಖ್ಯೆಗಳನ್ನು ನಾಳೆಯೇ ಬರೆದುಕೊಡಬಹುದು. ಆ ಸಾಲು ಲೇಬಲ್ಲಿಗೆ ಬರುವವರೆಗೆ ‘ಫಾಸ್ಫೇಟ್ ಸುರಕ್ಷಿತ’ ಎನ್ನುವವರನ್ನು ಎಷ್ಟು ಫಾಸ್ಫೇಟ್ ಎಂದು ಕೇಳಿ.